ಮೀಟರ್ ಇಲ್ಲದ ಊರುಗಳ ಪ್ರೈಮ್ ಟೈಮ್

ಟಿವಿ ರೇಟಿಂಗ್ ನಿಯಮ ಬದಲಿಸುವ ಕರಡನ್ನು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2025ರಲ್ಲಿ ಹೊರಡಿಸಿತು. ಯಾರು ಯಾವ ಚಾನೆಲ್ ನೋಡುತ್ತಾರೆ ಅಂತ ಅಳೆಯುವ ಮೀಟರ್ ಇರುವ ಮನೆಗಳನ್ನು ಮೊದಲು 80 ಸಾವಿರಕ್ಕೆ, ಆಮೇಲೆ ವರ್ಷವರ್ಷ ಹೆಚ್ಚಿಸುತ್ತ 1.2 ಲಕ್ಷಕ್ಕೆ ಮುಟ್ಟಿಸಬೇಕು ಅನ್ನುವುದು ಅದರಲ್ಲಿನ ಮುಖ್ಯ ಮಾತು. ಬೆಂಗಳೂರಿನ ಚಾನೆಲ್ ಕಚೇರಿಗಳಿಗೆ ಇದು ಜಾಹೀರಾತು ದರದ ಪ್ರಶ್ನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ನೋಡಿದರೆ ಪ್ರಶ್ನೆ ಬೇರೆ. ಇಷ್ಟು ವರ್ಷ ಒಂದೊಂದು ಚಾನೆಲ್ಲೂ ಸರದಿಯಂತೆ ‘ಕರ್ನಾಟಕದ ನಂಬರ್ ಒನ್’ ಅಂತ ಹೇಳಿಕೊಂಡಿತಲ್ಲ, ಆ ಕರ್ನಾಟಕದೊಳಗೆ ನಾವು ಇದ್ದೆವಾ?

ಬಹುಪಾಲು ಇರಲಿಲ್ಲ ಅನ್ನುವುದು ನನ್ನ ಉತ್ತರ. ನಾವು ಟಿವಿ ನೋಡಿದೆವು, ನೋಡಿದ್ದು ಲೆಕ್ಕಕ್ಕೆ ಸೇರಲಿಲ್ಲ. ಯಾವ ಚಾನೆಲ್ ಗೆದ್ದಿತು, ಯಾವುದು ಸೋತಿತು ಅನ್ನುವ ಕಳೆದ ಮೂವತ್ತು ವರ್ಷಗಳ ಕತೆಯನ್ನು ಈ ಒಂದು ಸಂಗತಿ ಗೊತ್ತಿಟ್ಟುಕೊಂಡೇ ಓದಬೇಕು.

ಹಾಗಂತ ಟಿವಿ ಈ ಕಡೆ ತಡವಾಗಿ ಬಂದಿತು ಅಂದುಕೊಳ್ಳಬೇಡಿ. ಬೆಂಗಳೂರಿಗಿಂತ ಮೊದಲೇ ಬಂದಿತ್ತು! 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ‘ಸೈಟ್’ ಅನ್ನುವ ಪ್ರಯೋಗ ನಡೆಸಿತು. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದಲ್ಲಿ ಇದಕ್ಕೆ ಆರಿಸಿದ್ದು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ತಂತಿ ಜಾಲರಿಯ ದೊಡ್ಡ ಆ್ಯಂಟೆನಾ, ಊರಿಗೊಂದು ಟಿವಿ, ಅದರ ಮುಂದೆ ಸಂಜೆ ಸೇರಿದ ಜನ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು ನಾಟಕ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರ ನವೆಂಬರ್ 1ಕ್ಕೆ.

ಸೈಟ್ ಪ್ರಯೋಗದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ನೋಡಿದವರಿಗೆ ಏನು ಅರ್ಥವಾಯಿತು, ಏನು ಹಿಡಿಸಲಿಲ್ಲ, ಯಾರು ಅರ್ಧಕ್ಕೆ ಎದ್ದು ಹೋದರು ಅನ್ನುವುದನ್ನು ತಿಳಿಯಲು ಸಂಶೋಧಕರು ಕೆಲವು ಹಳ್ಳಿಗಳಲ್ಲೇ ಉಳಿದರು. ಹಳ್ಳಿಯ ಪ್ರೇಕ್ಷಕರನ್ನು ಅಷ್ಟು ಶ್ರದ್ಧೆಯಿಂದ ಕೇಳಿದ್ದು ಅಪರೂಪ. ಹಳ್ಳಿಯನ್ನು ಮೀಟರ್ ಇಟ್ಟು ಕ್ರಮವಾಗಿ ಅಳೆಯುವ ಹೊತ್ತಿಗೆ ನಲವತ್ತು ವರ್ಷ ಕಳೆದಿತ್ತು.

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ರೇಟಿಂಗ್‌ಗೆ ಅಂಥ ಬೆಲೆ ಇರಲಿಲ್ಲ. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಬರುತ್ತಿದ್ದಾಗ ಹಿಂದಿ ಗೊತ್ತಿಲ್ಲದವರೂ ನೋಡಿದರು. ಕತೆ ಮೊದಲೇ ಗೊತ್ತಲ್ಲ! ಬೇರೆ ಚಾನೆಲ್ಲೇ ಇಲ್ಲದಾಗ ಯಾವುದು ಮೊದಲು, ಯಾವುದು ಎರಡನೆಯದು ಅಂತ ಕೇಳುವವರಾದರೂ ಯಾರು? ಆಗ ಲೆಕ್ಕ ಇಡುತ್ತಿದ್ದದ್ದು ಡೈರಿಯಲ್ಲಿ. ಆಯ್ದ ಮನೆಯವರು ಏನು ನೋಡಿದೆವು ಅಂತ ಪುಸ್ತಕದಲ್ಲಿ ಬರೆಯಬೇಕು. ವಾರದ ಕೊನೆಗೆ ನೆನಪಿಸಿಕೊಂಡು ಬರೆಯುವವರು ದೊಡ್ಡ ಹೆಸರಿನ ಕಾರ್ಯಕ್ರಮವನ್ನೇ ಬರೆಯುತ್ತಾರೆ. ಚಿಕ್ಕದು ಮರೆತೇ ಹೋಗುತ್ತದೆ.

ಪೈಪೋಟಿ ಶುರುವಾಗಿದ್ದು 1994ರ ಜೂನ್‌ನಲ್ಲಿ, ಸನ್ ಬಳಗದ ಉದಯ ಟಿವಿ ಬಂದಾಗ. ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್ ಅದು. ಆರೇಳು ವರ್ಷ ಅದಕ್ಕೆ ನಿಜವಾದ ಎದುರಾಳಿ ಇರಲಿಲ್ಲ. ಅದರ ದೊಡ್ಡ ಬಲ ಸಿನಿಮಾ ಹಕ್ಕುಗಳು. ಕನ್ನಡ ಚಿತ್ರಗಳ ಟಿವಿ ಹಕ್ಕು ಕೈಯಲ್ಲಿದ್ದರೆ ಸಂಜೆ ಅರ್ಧ ಗೆದ್ದಂತೆ. 2000ದ ಡಿಸೆಂಬರ್‌ನಲ್ಲಿ ರಾಮೋಜಿ ರಾವ್ ಅವರ ಈಟಿವಿ ಕನ್ನಡ ಬಂದಿತು. ಉದಯ ಸಿನಿಮಾ ಹಿಡಿದುಕೊಂಡಿದ್ದರೆ ಈಟಿವಿ ಧಾರಾವಾಹಿಯ ಕಡೆ ಹೊರಳಿತು. ಟಿ.ಎನ್. ಸೀತಾರಾಂ ಅವರ ಕೋರ್ಟಿನ ವಾದ ವಿವಾದ ಒಂದು ಕಡೆ. ವೈಶಾಲಿ ಕಾಸರವಳ್ಳಿ ಅವರ ‘ಮೂಡಲಮನೆ’ಯ ಉತ್ತರ ಕರ್ನಾಟಕದ ಮಾತು ಇನ್ನೊಂದು ಕಡೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿದ ಹಾಡಿನ ಸ್ಪರ್ಧೆ ಮತ್ತೊಂದು ಕಡೆ. 1975ರಲ್ಲಿ ನಮಗೆ ಕನ್ನಡ ಕಾರ್ಯಕ್ರಮ ಬಂದಿದ್ದು ಹೈದರಾಬಾದಿನಿಂದ. 2000ದಲ್ಲಿ ಉದಯಕ್ಕೆ ಪೈಪೋಟಿ ಕೊಟ್ಟ ಚಾನೆಲ್ಲೂ ಹೈದರಾಬಾದಿನ ಬಳಗದ್ದೇ. ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಾದ ರಾಯಚೂರಿನವರಿಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ ಬಿಡಿ.

ಆಮೇಲೆ ಗುಂಪೇ ಬಂದಿತು. 2006ರ ಮೇನಲ್ಲಿ ಜೀ ಕನ್ನಡ, 2007ರ ಜೂನ್‌ನಲ್ಲಿ ಸುವರ್ಣ, ಅದೇ ವರ್ಷ ಕಸ್ತೂರಿ. ಇಷ್ಟು ಚಾನೆಲ್ ಒಂದೇ ಜಾಹೀರಾತು ಹಣಕ್ಕೆ ಕೈ ಚಾಚಿದಾಗಲೇ ಟಿಆರ್‌ಪಿ ಅನ್ನುವುದು ಮನೆಮನೆಯ ಮಾತಾಯಿತು. ಲೆಕ್ಕ ಸರಳ. ಸೀರಿಯಲ್ ನಡುವೆ ಬರುವ ಹತ್ತು ಸೆಕೆಂಡಿನ ಜಾಹೀರಾತಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಕಂಪನಿಗಳು ರೇಟಿಂಗ್ ಪಾಯಿಂಟ್ ನೋಡಿ ತೀರ್ಮಾನಿಸುತ್ತವೆ. ಪಾಯಿಂಟ್ ಇಳಿದರೆ ದರ ಇಳಿಯಿತು. ನಾಲ್ಕು ವಾರ ಇಳಿದರೆ ನಾಯಕಿಗೆ ಅಪಘಾತ, ಇಲ್ಲವೇ ಮದುವೆ. ಒಂದು ತಾಸಿನ ಮಹಾಸಂಚಿಕೆ, ಎರಡು ಸೀರಿಯಲ್‌ಗಳ ಮಹಾಸಂಗಮ, ಹಬ್ಬದ ದಿನ ಎಲ್ಲ ಪಾತ್ರಗಳೂ ಒಂದೇ ಅಂಗಳಕ್ಕೆ ಬರುವುದು, ಇವೆಲ್ಲ ವಾರವಾರ ಹೊರಬೀಳುವ ಅಂಕಿಗಳಿಗೆ ಕೊಟ್ಟ ಉತ್ತರಗಳೇ.

ಈ ಅಂಕಿ ಬರುತ್ತಿದ್ದದ್ದು ಎಲ್ಲಿಂದ ಅನ್ನುವಲ್ಲೇ ನಮ್ಮ ಕತೆ ಶುರು. 1998ರಲ್ಲಿ ಮೀಟರ್ ಇಟ್ಟು ರೇಟಿಂಗ್ ಕೊಡುವ ಟ್ಯಾಮ್ ಸಂಸ್ಥೆ ಬಂದಿತು. ಅದರ ಎದುರಿಗೆ ಇಂಟ್ಯಾಮ್ ಅಂತ ಇನ್ನೊಂದು ಇತ್ತು, ಸ್ವಲ್ಪ ವರ್ಷಗಳಲ್ಲಿ ಎರಡೂ ಒಂದಾದವು. 2012ರ ಹೊತ್ತಿಗೂ ಇಡೀ ದೇಶಕ್ಕೆ ಟ್ಯಾಮ್ ಇಟ್ಟಿದ್ದದ್ದು ಸುಮಾರು 8 ಸಾವಿರ ಮೀಟರ್. ಅವು ಇದ್ದದ್ದು ಪಟ್ಟಣಗಳಲ್ಲಿ, ಹೆಚ್ಚಾಗಿ ಒಂದು ಲಕ್ಷಕ್ಕಿಂತ ಜಾಸ್ತಿ ಜನರಿರುವ ಊರುಗಳಲ್ಲಿ. ಹಳ್ಳಿಗಳು ಲೆಕ್ಕದಲ್ಲೇ ಇಲ್ಲ. ಕೊಪ್ಪಳ ಊರಿನ ಜನಸಂಖ್ಯೆ 2011ರ ಜನಗಣತಿಯಲ್ಲೂ ಲಕ್ಷ ದಾಟಿರಲಿಲ್ಲ, ಸಿಂಧನೂರಿನದೂ ಅಷ್ಟೇ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಭತ್ತ ಬೆಳೆಯುವ ವಲಸೆ ರೈತರ ಕ್ಯಾಂಪುಗಳಲ್ಲಿ, ಮಸ್ಕಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಜನ ಎಷ್ಟೇ ಆಸೆಯಿಂದ ಸೀರಿಯಲ್ ನೋಡಿದರೂ ವಾರದ ಅಂಕಿ ಒಂದು ಚೂರೂ ಅಲುಗಾಡುತ್ತಿರಲಿಲ್ಲ. ಅದೇ ಜನ ಅದೇ ಜಾಹೀರಾತಿನ ಸಾಬೂನು, ಚಹಾಪುಡಿ ಕೊಳ್ಳುತ್ತಿದ್ದರು ಅನ್ನುವುದು ಬೇರೆ ಮಾತು.

ಮೀಟರ್ ಎಲ್ಲಿದೆಯೋ ಹಣವೂ ಅಲ್ಲಿಗೇ ಹೋಗುತ್ತಿತ್ತು. ಹಳೆಯ ಅನಲಾಗ್ ಕೇಬಲ್‌ನಲ್ಲಿ ಜಾಗ ಕಡಿಮೆ, ಚಾನೆಲ್ ಜಾಸ್ತಿ. ಒಳ್ಳೆಯ ಜಾಗದಲ್ಲಿ ತಮ್ಮ ಚಾನೆಲ್ ಕೂರಿಸಲು ಕಂಪನಿಗಳು ಕೇಬಲ್‌ನವರಿಗೆ ದುಡ್ಡು ಕೊಡುತ್ತಿದ್ದವು. ಅದಕ್ಕೆ ಕ್ಯಾರೇಜ್ ಫೀ ಅಂತ ಹೆಸರು. ಮೀಟರ್ ಇರುವ ಊರಿನ ಕೇಬಲ್‌ನವನಿಗೆ ಇದು ದೊಡ್ಡ ಆದಾಯ. ಇಲ್ಲದ ಊರಿನವನನ್ನು ಕೇಳುವವರು ಕಡಿಮೆ. ಹಾಗಾಗಿ ಸಣ್ಣ ಊರಲ್ಲಿ ಯಾವ ಚಾನೆಲ್ ಯಾವ ನಂಬರಿನಲ್ಲಿ ಬರಬೇಕು ಅನ್ನುವುದು ಕೇಬಲ್‌ನವನ ಮರ್ಜಿ, ಆತನ ಗಿರಾಕಿಗಳ ಒತ್ತಾಯ. ಒಂದು ರೀತಿಯಲ್ಲಿ ಅದೇ ಹೆಚ್ಚು ಪ್ರಾಮಾಣಿಕ ರೇಟಿಂಗ್ ಆಗಿತ್ತು ಅನ್ನಿಸುತ್ತದೆ ನನಗೆ. ಸೀರಿಯಲ್ ಹೊತ್ತಿಗೆ ಚಿತ್ರ ಕಟ್ ಆದರೆ ಯಾವ ಚಾನೆಲ್‌ಗಾಗಿ ಜನ ಫೋನ್ ಮಾಡಿ ಬೈಯುತ್ತಾರೆ ಅನ್ನುವುದು ಕೇಬಲ್‌ನವನಿಗೆ ಗೊತ್ತಿರುವಷ್ಟು ಯಾವ ಮೀಟರಿಗೂ ಗೊತ್ತಿರಲಿಲ್ಲ.

ಕರೆಂಟಿನ ಮಾತು ಬಿಟ್ಟರೆ ಈ ಕಡೆಯ ಪ್ರೈಮ್ ಟೈಮ್ ಕತೆ ಪೂರ್ತಿ ಆಗುವುದಿಲ್ಲ. ರೇಟಿಂಗ್ ಪಟ್ಟಿಗಳಲ್ಲಿ ಪ್ರೈಮ್ ಟೈಮ್ ಅಂದರೆ ಸಂಜೆ 6ರಿಂದ ರಾತ್ರಿ 11.30. ನಮ್ಮ ಹಳ್ಳಿಗಳಲ್ಲಿ ವರ್ಷಗಟ್ಟಲೆ ಪ್ರೈಮ್ ಟೈಮ್ ಅಂದರೆ ಕರೆಂಟ್ ಇದ್ದ ಹೊತ್ತು. ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರ 1985ರಿಂದ ರಾಜ್ಯಕ್ಕೆ ಕರೆಂಟ್ ಕೊಡುತ್ತಿದೆ. ಅದರ ಸುತ್ತಲಿನ ಊರುಗಳಲ್ಲೇ ಸಂಜೆ ಲೋಡ್ ಶೆಡ್ಡಿಂಗ್. ಏಳೂವರೆಯ ಸೀರಿಯಲ್ ಅರ್ಧ ನೋಡಿ, ಮಿಕ್ಕಿದ್ದನ್ನು ಮರುದಿನ ಮಧ್ಯಾಹ್ನದ ಮರುಪ್ರಸಾರದಲ್ಲಿ ನೋಡುವುದು ಹೆಣ್ಣುಮಕ್ಕಳಿಗೆ ರೂಢಿಯೇ ಆಗಿತ್ತು. ಬೆಂಗಳೂರಿನ ಲೆಕ್ಕದಲ್ಲಿ ಮರುಪ್ರಸಾರ ಅಂದರೆ ಜಾಗ ತುಂಬಿಸುವ ಸರಕು. ಇಲ್ಲಿ ಅದೇ ಮುಖ್ಯ ಪ್ರಸಾರ.

ಟ್ಯಾಮ್ ಮೇಲಿನ ನಂಬಿಕೆ ಕೊನೆಗೆ ಕುಸಿಯಿತು. 2001ರಲ್ಲೇ ಮುಂಬೈನ ಮೀಟರ್ ಮನೆಗಳ ಗುಟ್ಟಿನ ಪಟ್ಟಿ ಸೋರಿಕೆಯಾಗಿತ್ತು. 2012ರಲ್ಲಿ ಎನ್‌ಡಿಟಿವಿ ನ್ಯೂಯಾರ್ಕಿನ ಕೋರ್ಟಿಗೇ ಹೋಯಿತು. ಚಾನೆಲ್‌ಗಳು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು ಸೇರಿ ಕಟ್ಟಿದ ಬಾರ್ಕ್ ಅನ್ನುವ ಹೊಸ ರೇಟಿಂಗ್ ಸಂಸ್ಥೆ 2015ರ ಏಪ್ರಿಲ್‌ನಲ್ಲಿ ಅಂಕಿ ಕೊಡಲು ಶುರುಮಾಡಿತು. ಅದೇ ಅಕ್ಟೋಬರ್‌ನಲ್ಲಿ ಮೊದಲ ಸಲ ಹಳ್ಳಿಗಳ ಅಂಕಿ ಸೇರಿತು. ಪರಿಣಾಮ ಎಷ್ಟು ಜೋರು ಅಂದರೆ, ಹಿಂದಿಯಲ್ಲಿ ಮರುಪ್ರಸಾರ ತುಂಬಿದ ಉಚಿತ ಚಾನೆಲ್‌ಗಳು ರಾತ್ರೋರಾತ್ರಿ ಪಟ್ಟಿಯ ಮೇಲಕ್ಕೆ ಬಂದವು. ಹಳ್ಳಿಯವರು ಹೊಸದಾಗಿ ಟಿವಿ ನೋಡಲು ಶುರುಮಾಡಿದ್ದರಿಂದಲ್ಲ, ಹೊಸದಾಗಿ ಎಣಿಸಿದ್ದರಿಂದ.

ಕನ್ನಡದಲ್ಲೂ ಅದೇ ವರ್ಷ ಬಹಳಷ್ಟು ಬದಲಾಯಿತು. ಈಟಿವಿ ಕನ್ನಡ 2015ರ ಏಪ್ರಿಲ್‌ನಲ್ಲಿ ಕಲರ್ಸ್ ಕನ್ನಡ ಆಯಿತು. 2013ರಲ್ಲಿ ಈಟಿವಿಯಲ್ಲಿ ಶುರುವಾಗಿ 2014ರಲ್ಲಿ ಸುವರ್ಣಕ್ಕೆ ಹೋಗಿದ್ದ ಬಿಗ್ ಬಾಸ್ ಮತ್ತೆ ಕಲರ್ಸ್‌ಗೆ ಬಂದಿತು. ಆ ಒಂದು ಕಾರ್ಯಕ್ರಮಕ್ಕಾಗಿ ನಡೆದ ಎಳೆದಾಟವೇ ಆ ಕಾಲದ ಪೈಪೋಟಿಯ ಅಳತೆ. 2018ರ ಆಸುಪಾಸಿನಲ್ಲಿ ಜೀ ಕನ್ನಡ ಮುಂದೆ ಬಂದಿತು. ಒಂದು ಕಾಲದಲ್ಲಿ ಒಬ್ಬಂಟಿ ರಾಜನಂತಿದ್ದ ಉದಯ ಹಿಂದೆ ಉಳಿಯಿತು.

ಹಳ್ಳಿ ಎಣಿಕೆಗೆ ಬಂದ ಮೇಲೆ ಪರದೆಯ ಮೇಲಿನ ಮಾತು ಬದಲಾಯಿತಾ? ಸ್ವಲ್ಪ ಬದಲಾಯಿತು, ಆದರೆ ಸೀರಿಯಲ್‌ನಲ್ಲಿ ಅಲ್ಲ. ‘ಮೂಡಲಮನೆ’ಯಂಥ ಒಂದೆರಡು ಬಿಟ್ಟರೆ ಸೀರಿಯಲ್ ಮನೆಗಳು ಈಗಲೂ ಬೆಂಗಳೂರು, ಮೈಸೂರಿನ ಮಾತೇ ಆಡುತ್ತವೆ. ಹಳ್ಳಿ ತೋರಿಸಿದರೆ ಅದು ಮಂಡ್ಯದ ಕಡೆಯ ಹಳ್ಳಿ. ಉತ್ತರ ಕರ್ನಾಟಕದವರು ಬಂದರೆ ನಗಿಸಲಿಕ್ಕೆ. ಗಂಗಾವತಿ ಪ್ರಾಣೇಶ್ ಅವರ ಹಾಸ್ಯವನ್ನು ರಾಜ್ಯವೆಲ್ಲ ಮೆಚ್ಚಿತು, ಅದು ಹೆಮ್ಮೆಯೇ. ಆದರೆ ಅದೇ ಮಾತಿನಲ್ಲಿ ಒಬ್ಬಳು ನಾಯಕಿ ಅಳಬಹುದು, ಒಬ್ಬ ಸಾಹುಕಾರ ಮೋಸ ಮಾಡಬಹುದು ಅಂತ ಚಾನೆಲ್‌ಗಳಿಗೆ ಇನ್ನೂ ಧೈರ್ಯ ಬಂದಿಲ್ಲ. ರಿಯಾಲಿಟಿ ಶೋಗಳಲ್ಲಿ ಮಾತ್ರ ಬೇರೆ ಗಾಳಿ. ಹಾವೇರಿ ಕಡೆಯ ಕುರಿ ಕಾಯುವ ಹುಡುಗ ಹನುಮಂತ ಹಾಡಿನ ಶೋನಿಂದ ಹೆಸರಾಗಿ, 2025ರ ಜನವರಿಯಲ್ಲಿ ಬಿಗ್ ಬಾಸ್ 11ನೇ ಸೀಸನ್ ಗೆದ್ದ. ವೋಟು ಹಾಕಲು ಮೀಟರ್ ಬೇಕಿಲ್ಲ, ಫೋನ್ ಸಾಕು. ಎಣಿಕೆಯ ದಾರಿ ಬೇರೆಯಾದಾಗ ಗೆಲ್ಲುವವರೂ ಬೇರೆಯಾಗುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಬಾರ್ಕ್ ಬಳಿ ಇರುವ ಮೀಟರ್ ಮನೆಗಳು 55 ಸಾವಿರದ ಮೇಲೆ. ದೇಶದಲ್ಲಿ ಟಿವಿ ಇರುವ ಮನೆಗಳು 2020ರ ಅದರದೇ ಅಂದಾಜಿನಂತೆ 21 ಕೋಟಿ. ಅಂದರೆ ಒಂದು ಮೀಟರ್ ಸುಮಾರು 3,800 ಮನೆಗಳ ಪರವಾಗಿ ಮಾತಾಡುತ್ತದೆ. ರಾಯಚೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 19 ಲಕ್ಷ ದಾಟಿತ್ತು. ಮನೆಗೆ ಐದು ಜನ ಅಂತ ಹಿಡಿದು, ಎಲ್ಲ ಮನೆಯಲ್ಲೂ ಟಿವಿ ಇದೆ ಅಂದುಕೊಂಡು, ಮೀಟರ್‌ಗಳನ್ನು ಸಮನಾಗಿ ಹಂಚಿದರೂ ಇಡೀ ಜಿಲ್ಲೆಗೆ ಬರುವುದು ನೂರರಷ್ಟು. ಹಾಗೆ ಸಮನಾಗಿ ಹಂಚಬೇಕು ಅಂತ ನಿಯಮವೇನೂ ಇಲ್ಲ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅಂತ ಅಂಕಿಸಂಖ್ಯೆಯವರು ಹೇಳುತ್ತಾರೆ. ನಿಜ, ಒಂದೇ ಪಾತ್ರೆಯ ಅನ್ನವಾದರೆ. ಇಡೀ ರಾಜ್ಯದಲ್ಲಿ ಯಾವ ಚಾನೆಲ್ ಮುಂದಿದೆ ಅಂತ ಹೇಳಲು ಈಗಿನ ಮೀಟರ್‌ಗಳು ಸಾಕಾಗಬಹುದು. ಮಾನ್ವಿಯಲ್ಲಿ, ಸಂಡೂರಿನಲ್ಲಿ, ಕನಕಗಿರಿಯಲ್ಲಿ ಜನ ಏನು ನೋಡುತ್ತಾರೆ ಅಂತ ಹೇಳಲು ಸಾಕಾಗುವುದಿಲ್ಲ. ಯಾಕೆಂದರೆ ಇಲ್ಲಿ ಪಾತ್ರೆಯೇ ಬೇರೆ. ಅದರಲ್ಲಿ ತೆಲುಗು ಇದೆ.

ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಕಾಲುವೆ ಬಂದ ಮೇಲೆ ಆಂಧ್ರದ ರೈತರು ಸಿಂಧನೂರು, ಗಂಗಾವತಿ ಕಡೆ ಬಂದು ನೆಲೆಸಿದರು. ಹೀಗಾಗಿ ಇಲ್ಲಿ ಎಷ್ಟೋ ಮನೆಗಳಲ್ಲಿ ಎರಡೂ ಭಾಷೆಯ ಸೀರಿಯಲ್ ಓಡುತ್ತದೆ. ಏಳಕ್ಕೆ ಕನ್ನಡದ್ದು, ಎಂಟಕ್ಕೆ ತೆಲುಗಿನದ್ದು, ಕ್ರಿಕೆಟ್ ಇದ್ದರೆ ಎರಡೂ ಬಂದ್. ಬಳ್ಳಾರಿಯ ಕನ್ನಡ ಚಾನೆಲ್‌ಗೆ ನಿಜವಾದ ಎದುರಾಳಿ ಇನ್ನೊಂದು ಕನ್ನಡ ಚಾನೆಲ್ ಅಲ್ಲ, ತೆಲುಗಿನ ಚಾನೆಲ್.

ಇದು ಪಟ್ಟಿಯಲ್ಲಿ ಕಾಣುವುದಿಲ್ಲ. ಬಾರ್ಕ್ ವಾರವಾರ ಹೊರಗೆ ಬಿಡುವ ಪಟ್ಟಿಯಲ್ಲಿ ಕನ್ನಡ ಚಾನೆಲ್‌ಗಳಿಗೆ ಇಡೀ ಕರ್ನಾಟಕ ಒಂದು ಮಾರುಕಟ್ಟೆ. ತೆಲುಗು ಚಾನೆಲ್‌ಗಳಿಗೆ ಆಂಧ್ರ, ತೆಲಂಗಾಣ ಸೇರಿ ಒಂದು ಮಾರುಕಟ್ಟೆ. ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಯೊಂದು ತೆಲುಗು ಸೀರಿಯಲ್ ನೋಡಿದರೆ ಅದು ಕನ್ನಡದ ಪಟ್ಟಿಗೂ ಬರುವುದಿಲ್ಲ, ತೆಲುಗಿನ ಪಟ್ಟಿಗೂ ಬರುವುದಿಲ್ಲ. ನಡುವೆ ಜಾರಿ ಹೋಗುತ್ತದೆ.

ಮಾಲೀಕರಿಗೆ ಇದರಿಂದ ಅಂಥ ಚಿಂತೆ ಇಲ್ಲ. ಕನ್ನಡದ ಉದಯ ಮತ್ತು ತೆಲುಗಿನ ಜೆಮಿನಿ ಎರಡೂ ಸನ್ ಬಳಗದವು. ಜೀ ಕನ್ನಡ, ಜೀ ತೆಲುಗು ಒಂದೇ ಮನೆ. ಸ್ಟಾರ್ ಸುವರ್ಣ, ತೆಲುಗಿನ ಸ್ಟಾರ್ ಮಾ ಒಂದೇ ಮನೆ. ನೋಡುವವರು ಭಾಷೆ ಬದಲಿಸಿದರೂ ದುಡ್ಡು ಅದೇ ಮನೆಗೆ ಹೋಗಬಹುದು. ಹೊರೆ ಬೀಳುವುದು ನೋಡುವವರ ಮೇಲೆ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಯಾಯಿತು. ಆಗ ಮೊದಲ ನೂರು ಚಾನೆಲ್‌ಗೆ ತೆರಿಗೆ ಬಿಟ್ಟು 130 ರೂಪಾಯಿ, ದುಡ್ಡಿನ ಚಾನೆಲ್‌ಗೆ ಬೇರೆ ಬೇರೆ ಬೆಲೆ. ಅದಕ್ಕೂ ಮುಂಚೆ ಕೇಬಲ್‌ನವನು ಕನ್ನಡ, ತೆಲುಗು, ಹಿಂದಿ ಎಲ್ಲ ಸೇರಿಸಿ ಒಂದು ರೇಟು ಹೇಳುತ್ತಿದ್ದ. ಹೊಸ ಪದ್ಧತಿಯಲ್ಲಿ ಕನ್ನಡದ ಪ್ಯಾಕ್, ತೆಲುಗಿನ ಪ್ಯಾಕ್ ಬೇರೆ ಬೇರೆ. ಮಂಡ್ಯದವರಿಗೆ ಒಂದು ಪ್ಯಾಕ್ ಸಾಕು, ಬಳ್ಳಾರಿಯವರಿಗೆ ಎರಡು ಬೇಕು. ಗಡಿಯಲ್ಲಿ ಇರುವುದಕ್ಕೆ ತೆರಿಗೆ ಅನ್ನಿ ಬೇಕಾದರೆ.

ಡಬ್ಬಿಂಗ್ ವಿವಾದವನ್ನೂ ಇಲ್ಲಿಂದಲೇ ನೋಡಬೇಕು. ಬೇರೆ ಭಾಷೆಯದನ್ನು ಕನ್ನಡಕ್ಕೆ ಡಬ್ ಮಾಡಬಾರದು ಅಂತ ಚಿತ್ರರಂಗ, ಕಿರುತೆರೆಯ ಸಂಘಗಳು ದಶಕಗಳ ಕಾಲ ತಡೆದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪು ಅಂತ ದಂಡ ಹಾಕಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಡಬ್ ಆದ ಪೌರಾಣಿಕ ಸೀರಿಯಲ್‌ಗಳು ಕನ್ನಡ ಪ್ರೈಮ್ ಟೈಮ್‌ಗೆ ಬಂದೇಬಿಟ್ಟವು. ಇಲ್ಲಿಯ ಕಲಾವಿದರ, ತಂತ್ರಜ್ಞರ ಅನ್ನ ಉಳಿಯಬೇಕು ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೆ ಗಡಿಯ ಜಿಲ್ಲೆಗಳಲ್ಲಿ ಆ ತಡೆಯಿಂದ ಕನ್ನಡ ಉಳಿಯಲಿಲ್ಲ. ಡಬ್ ಆದದ್ದು ಸಿಗದ ಪ್ರೇಕ್ಷಕರು ಮೂಲ ತೆಲುಗನ್ನೇ ನೋಡಿದರು. ಮಕ್ಕಳೂ ಪಕ್ಕದಲ್ಲಿ ಕೂತು ನೋಡಿದರು. ಅವರನ್ನು ಯಾರಾದರೂ ಎಣಿಸಿದ್ದರೆ ವಾದ ಬೇರೆ ರೀತಿ ನಡೆಯುತ್ತಿತ್ತೇನೋ.

ಇನ್ನು ಈಗಿನ ಪೈಪೋಟಿ. 2024ರ ನವೆಂಬರ್‌ನಲ್ಲಿ ಸುವರ್ಣದ ಒಡೆಯ ಸ್ಟಾರ್ ಮತ್ತು ಕಲರ್ಸ್‌ನ ಒಡೆಯ ವಯಾಕಾಮ್18 ಒಂದಾದವು. ಬಿಗ್ ಬಾಸ್‌ಗಾಗಿ ಎಳೆದಾಡಿದ್ದ ಸುವರ್ಣ ಮತ್ತು ಕಲರ್ಸ್ ಈಗ ಒಂದೇ ಜಿಯೋಸ್ಟಾರ್ ಕೈಯಲ್ಲಿ. ಕನ್ನಡ ಮನರಂಜನೆಯ ದೊಡ್ಡ ಆಟ ಮೂರು ಮನೆಗಳಿಗೆ ಇಳಿದಿದೆ: ಜಿಯೋಸ್ಟಾರ್, ಜೀ, ಸನ್. ಮೂರರಲ್ಲಿ ಯಾವುದರ ಮೂಲವೂ ಕರ್ನಾಟಕದ್ದಲ್ಲ. ಒಂದೇ ಮಾಲೀಕನ ಎರಡು ಚಾನೆಲ್‌ಗಳು ಒಂದೇ ಹೊತ್ತಿಗೆ ಜಿದ್ದಿಗೆ ಬೀಳುವ ಬದಲು ಹೊತ್ತು ಹಂಚಿಕೊಳ್ಳುವುದೇ ಲಾಭ. ನೋಡುವವರಿಗೆ ಆಯ್ಕೆ ಕಡಿಮೆ ಆಗುತ್ತದೆ ಅನ್ನುವುದು ನನ್ನ ಅನುಮಾನ.

ಅಷ್ಟರಲ್ಲಿ ಎಣಿಕೆ ಮತ್ತೆ ಹಿಂದೆ ಬಿದ್ದಿದೆ. 2016ರಲ್ಲಿ ಡೇಟಾ ಅಗ್ಗವಾದ ಮೇಲೆ ಸೀರಿಯಲ್ ಫೋನಿಗೆ ಇಳಿಯಿತು. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕೆಲಸ ಮುಗಿಸಿ ಬರುವವರು, ಗದ್ದೆಯಿಂದ ತಡವಾಗಿ ಬರುವವರು ಏಳೂವರೆಯದನ್ನು ಹತ್ತಕ್ಕೆ ಫೋನಿನಲ್ಲಿ ನೋಡುತ್ತಾರೆ. ಟಿವಿಗೆ ಹಚ್ಚಿದ ಮೀಟರ್‌ಗೆ ಇದು ತಿಳಿಯುವುದಿಲ್ಲ. 2025ರ ಕರಡು ಇಂಟರ್‌ನೆಟ್ ಟಿವಿಯನ್ನೂ ಅಳತೆಗೆ ಸೇರಿಸುವ ಮಾತಾಡಿದೆ, ಅದು ಸರಿಯಾದ ದಿಕ್ಕು. ಆದರೆ ಮೀಟರ್ 1.2 ಲಕ್ಷ ಆದರೂ ಅವು ಎಲ್ಲಿ ಕೂರುತ್ತವೆ ಅನ್ನುವುದೇ ಮುಖ್ಯ. ಯಾವ ಮನೆಯಲ್ಲಿ ಮೀಟರ್ ಇದೆ ಅನ್ನುವುದು ಗುಟ್ಟಾಗಿಯೇ ಇರಲಿ, ಇರಲೇಬೇಕು. ಯಾವ ಜಿಲ್ಲೆಗೆ ಎಷ್ಟು ಅನ್ನುವುದನ್ನು ಮುಚ್ಚಿಡಲು ಕಾರಣವೇ ಇಲ್ಲ. ಜೊತೆಗೆ ಬಳ್ಳಾರಿ, ರಾಯಚೂರಿನಂಥ ಜಿಲ್ಲೆಗಳಿಗೆ ಎಲ್ಲ ಭಾಷೆಯ ಚಾನೆಲ್ ಸೇರಿಸಿದ ಒಂದು ಪಟ್ಟಿಯನ್ನು ವರ್ಷಕ್ಕೆ ಒಮ್ಮೆಯಾದರೂ ಹೊರಗೆ ಬಿಡಬೇಕು. ಆಗ ಕನ್ನಡ ಚಾನೆಲ್‌ಗಳು ಇಲ್ಲಿ ಎಷ್ಟು ಪ್ರೇಕ್ಷಕರನ್ನು ತೆಲುಗಿಗೆ ಬಿಟ್ಟುಕೊಟ್ಟಿವೆ, ಯಾವ ಹೊತ್ತಿನಲ್ಲಿ ಬಿಟ್ಟುಕೊಟ್ಟಿವೆ ಅನ್ನುವುದು ಅವರಿಗೇ ಅಂಕಿಯಲ್ಲಿ ಕಾಣುತ್ತದೆ.